ಮೂವರಿಗೆ ಟಿಕೆಟ್

ಪವಾಯಿಯ ಆ ಆಫೀಸಿಗೆ ನಾನು ಹೊಸಬಳಲ್ಲ. ವೆಬ್‌ಸೈಟ್ ಮಾಡುವವರು ಅದನ್ನು ಜನರ ಕೈಗೆ ಕೊಡುವ ಮುಂಚೆ ನನ್ನಂಥವರನ್ನು ಕರೆದು ಕಂಪ್ಯೂಟರ್ ಮುಂದೆ ಕೂರಿಸುತ್ತಾರೆ. ನಾವು ಎಲ್ಲೆಲ್ಲಿ ಎಡವುತ್ತೇವೆ ಎಂದು ನೋಡುವುದೇ ಅವರ ಕೆಲಸ. ಎಡವುವುದರಲ್ಲಿ ನಾನು ಯಾರಿಗೂ ಕಮ್ಮಿಯಿಲ್ಲ, ಅದಕ್ಕೇ ಮತ್ತೆ ಮತ್ತೆ ಕರೆಯುತ್ತಾರೆ.

ಈ ಸಲದ್ದು ಕನ್ನಡದಲ್ಲೂ ಬರುವ ಪ್ರವಾಸದ ವೆಬ್‌ಸೈಟು. ಮಕ್ಕಳ ಜೊತೆ ಪ್ರವಾಸ ಹೋಗುತ್ತೀರಾ ಎಂದು ಫೋನಿನಲ್ಲೇ ಕೇಳಿದ್ದರು. ಹೋಗುತ್ತೇವೆ ಎಂದೆ. ಸುಳ್ಳು. ನಮ್ಮ ಮಗಳು ಆರ್ಯ ಒಂಬತ್ತು ವರ್ಷಕ್ಕೇ ಜ್ವರ ಬಂದು ತೀರಿಕೊಂಡು ಮೂರು ವರ್ಷವಾಯಿತು. ಆಮೇಲೆ ವಿಲೆ ಪಾರ್ಲೆಯ ನಮ್ಮ ಮನೆಯಲ್ಲಿ ಅವಳ ಹೆಸರು ಎತ್ತುವುದೇ ನಿಂತುಹೋಯಿತು. ನಾನು ಎತ್ತಿದರೆ ನನ್ನ ಗಂಡ ವಿಕ್ರಂ ಎದ್ದು ಬಾಲ್ಕನಿಗೆ ಹೋಗಿಬಿಡುತ್ತಿದ್ದರು. ನಾನೂ ಸುಮ್ಮನಾದೆ. ಈಗ ಅಳುವೂ ಬರುವುದಿಲ್ಲ. ಇಂಥ ಕಡೆ ಮಾತ್ರ ಯಾರಾದರೂ ಮಗಳ ಹೆಸರೇನು ಎಂದು ಕೇಳುತ್ತಾರೆ, ನಾನು ಹೇಳುತ್ತೇನೆ. ಅಷ್ಟಕ್ಕೇ ನಾನು ಬರುವುದು.

ಪರೀಕ್ಷೆ ನಡೆಸುವ ಹುಡುಗಿ ಶೀತಲ್ ಪಕ್ಕದಲ್ಲೇ ಕೂತಳು.

"ಆಂಟಿ, ಮನಸಲ್ಲಿ ಏನು ಬರ್ತದೆ, ಅದು ಜೋರಾಗಿ ಹೇಳ್ತಾ ಇರಿ. ನಾನು ಹೆಲ್ಪ್ ಮಾಡಲ್ಲ. ಮತಲಬ್, ಮಾಡೋಕೆ ಅಲೌಡ್ ಇಲ್ಲ."

ಮನೆಯವರಿಗೆಲ್ಲ ಮೈಸೂರಿಗೆ ರೈಲು ಟಿಕೆಟ್ ತೆಗೆಯಬೇಕು. ನಿಜವಾದ ಟಿಕೆಟ್ ಏನೂ ಬರುವುದಿಲ್ಲ, ಬರೀ ಆಟ. ದೊಡ್ಡವರು ಇಬ್ಬರು, ಮಗು ಒಂದು ಎಂದು ಒತ್ತಿದೆ. "ನನ್ನ ಮಗಳ ಹೆಸರು ಆರ್ಯ," ಎಂದು ಜೋರಾಗಿ ಹೇಳುತ್ತಲೇ ಟೈಪ್ ಮಾಡಿದೆ. ಬೇರೆ ಸೈಟುಗಳು ವಯಸ್ಸು ಕೇಳುತ್ತಿದ್ದವು, ಒಂಬತ್ತು ಎಂದು ಹಾಕಿ ಮುಂದೆ ಹೋಗುತ್ತಿದ್ದೆ. ಈ ಸೈಟು ಹುಟ್ಟಿದ ದಿನ ಕೇಳಿತು. ಅದನ್ನು ತಪ್ಪು ಬರೆಯಲು ನನ್ನ ಕೈಯಲ್ಲಿ ಆಗಲಿಲ್ಲ.

ಕೆಂಪು ಅಕ್ಷರದ ಸಾಲೊಂದು ಬಂತು. ಈ ಪ್ರಯಾಣಿಕರಿಗೆ ಹನ್ನೆರಡು ತುಂಬಿದೆ, ಮಗುವಿನ ಟಿಕೆಟ್ ಸಿಗುವುದಿಲ್ಲ. ಕೆಳಗೆ ಎರಡು ಬಟನ್. ಒಂದು 'ತೆಗೆದುಹಾಕಿ', ಇನ್ನೊಂದು 'ದೊಡ್ಡವರಾಗಿ ಸೇರಿಸಿ'.

ಅರ್ಧ ಟಿಕೆಟ್ ಎಂದರೆ ಅವಳಿಗೆ ಅವಮಾನ. ನನಗೂ ಫುಲ್ ತಗೊಳ್ಳಿ ಎಂದು ಸ್ಟೇಷನ್ನಿನಲ್ಲಿ ನಿಂತು ರಂಪ ಮಾಡುತ್ತಿದ್ದಳು. ನನ್ನ ಕೈ ಮೌಸಿನ ಮೇಲೆ ಹಾಗೇ ಉಳಿಯಿತು.

"ಆಂಟಿ, ಈಗ ಏನು ಥಿಂಕ್ ಮಾಡ್ತಾ ಇದೀರಾ?"

"ಈ ಕೆಂಪು ಅಕ್ಷರ ತುಂಬಾ ಚಿಕ್ಕದಾಯ್ತಮ್ಮ," ಎಂದೆ.

ಪಾಪ, ಶೀತಲ್ ಅದನ್ನೇ ಬರೆದುಕೊಂಡಳು. ನಾನು 'ದೊಡ್ಡವರಾಗಿ ಸೇರಿಸಿ' ಒತ್ತಿದೆ. ಎದೆಯಲ್ಲಿ ಏನೂ ಆಗಲಿಲ್ಲ. ಮೂರು ಸೀಟು ಸಾಲಾಗಿ ಬಂದವು, ಶುಭ ಪ್ರಯಾಣ ಎಂದು ಕಾಣಿಸಿತು.

ಸಂಜೆ ಕಾಫಿ ಕುಡಿಯುತ್ತ ವಿಕ್ರಂ ಸುಮ್ಮನೆ ಕೇಳಿದರು, "ಇವತ್ತು ಏನು ಮಾಡಿಸಿದ್ರು?"

"ಮೈಸೂರಿಗೆ ಟಿಕೆಟ್ ತೆಗೆಸಿದ್ರು. ಸುಳ್ಳು ಟಿಕೆಟ್. ಮೂವರಿಗೆ ತೆಗೆದೆ." ಅಲ್ಲಿಗೇ ನಿಲ್ಲಿಸಬೇಕಿತ್ತು, ಆಗಲಿಲ್ಲ. "ಅವಳಿಗೆ ಇನ್ಮೇಲೆ ಫುಲ್ ಟಿಕೆಟ್ ಅಂತೆ ಕಣ್ರೀ."

ಲೋಟ ಕೆಳಗಿಟ್ಟು ಎದ್ದರು. ಬಾಲ್ಕನಿಯ ಬಾಗಿಲ ತನಕ ಹೋದರು. ಆಯಿತು, ಇನ್ನು ಊಟದ ಹೊತ್ತಿನವರೆಗೂ ಒಳಗೆ ಬರುವುದಿಲ್ಲ ಎಂದುಕೊಂಡೆ. ಆದರೆ ಅವರು ಬಾಗಿಲು ತೆಗೆಯಲಿಲ್ಲ. ನನ್ನ ಕಡೆ ತಿರುಗದೆ, ಅಲ್ಲೇ ನಿಂತು ಕೇಳಿದರು.

"ಕಿಟಕಿ ಸೀಟು ತಾನೇ ಕೊಟ್ಟಿದ್ದು, ಆರ್ಯಂಗೆ?"