ಒತ್ತಿದರೂ ಹೋಗದ ಅರ್ಜಿ

ಚಿನ್ನಿಯ ಅಕ್ಕನ ಮಗನಿಗೆ ಕಿವಿ ಕೇಳಿಸದು. ಆಸ್ಪತ್ರೆಯ ಟ್ರಸ್ಟಿನವರು ಇಪ್ಪತ್ತು ಮಕ್ಕಳಿಗೆ ಉಚಿತವಾಗಿ ಕಿವಿಯ ಆಪರೇಷನ್ ಮಾಡಿಸುತ್ತಾರೆ. ವೆಬ್‌ಸೈಟಿನಲ್ಲಿ ಅರ್ಜಿ ಹಾಕಲು ಇವತ್ತು ಮಧ್ಯಾಹ್ನ ಹನ್ನೆರಡೇ ಗಡುವು. ಬರುವ ತಿಂಗಳು ಮಗುವಿಗೆ ಐದು ತುಂಬುತ್ತದೆ, ಆಮೇಲೆ ಅರ್ಜಿ ಹಾಕುವ ಹಾಗೇ ಇಲ್ಲ. ವೆಬ್‌ಸೈಟಿನ ಆ ಫಾರ್ಮನ್ನು ತಯಾರಿಸಿದವಳೇ ಚಿನ್ನಿ, ಮಗುವಿನ ಸ್ವಂತ ಚಿಕ್ಕಮ್ಮ. ಎಲ್ಲ ನನ್ನ ಕೈಯಲ್ಲೇ ಇದೆ ಎಂದು ಬೀಗಿದ್ದಳು, ಪಾಪ.

ಹನ್ನೊಂದೂವರೆಗೆ ಅಕ್ಕನ ಫೋನು ಬಂತು.

"ಕಿವಿ ಟೆಸ್ಟಿನ ರಿಪೋರ್ಟು ಈಗ ತಾನೇ ಕೈಗೆ ಬಂತು ಕಣೇ. ಎಲ್ಲ ತುಂಬಿಸಿದೀನಿ, ಬಟನ್ ಒತ್ತಿದ್ರೆ ಏನೂ ಆಗ್ತಿಲ್ಲ."

ಚಿನ್ನಿ ತಾನೂ ಒತ್ತಿ ನೋಡಿದಳು. ಫಾರ್ಮು ಜಪ್ಪಯ್ಯ ಅಂದರೂ ಅಲುಗಲಿಲ್ಲ. 'ಸಬ್ಮಿಟ್' ಎಂಬುದು ಫಂಕ್ಷನ್ ಅಲ್ಲ ಎಂದು ಪರದೆಯ ಮೇಲೆ ಕೆಂಪಕ್ಷರ ಬಂತು. ಅಲ್ಲದೆ ಮತ್ತೇನು ಮಣ್ಣಂತೆ? ಫಾರ್ಮನ್ನು ಕಳಿಸುವ ಆಜ್ಞೆಯೇ ಅದು. ಫಾರ್ಮನ್ನು ನಡೆಸುವ ಸ್ಕ್ರಿಪ್ಟನ್ನು ಸಾಲುಸಾಲಾಗಿ ಓದಿದಳು, ತಲೆ ಕೆಟ್ಟು ಹೋಯಿತು.

ಆಫೀಸಿನಲ್ಲಿ ಸರ್ವರ್ ನೋಡಿಕೊಳ್ಳುವ ಸರ್ ಹತ್ತಿರ ಓಡಿದಳು.

"ಗಡುವು ಸ್ವಲ್ಪ ಮುಂದಕ್ಕೆ ಹಾಕಿಸ್ತೀರಾ ಸರ್?"

ಅವರು ಟ್ರಸ್ಟಿಗೆ ಫೋನ್ ಮಾಡಿ ಕೆಳಗಿಟ್ಟರು. "ಮುನ್ನೂರು ಅರ್ಜಿ ನಿನ್ನೆ ಮಧ್ಯಾಹ್ನಕ್ಕೇ ಬಂದಿವೆಯಂತಮ್ಮ. ಒಂದು ನಿಮಿಷಾನೂ ಬಿಡಲ್ಲ ಅಂದ್ರು."

ಹನ್ನೊಂದು ಐವತ್ತಾರಕ್ಕೆ ತಪ್ಪು ಕಣ್ಣಿಗೆ ಬಿತ್ತು. ಫಾರ್ಮಿನ ಪ್ರತಿಯೊಂದು ಭಾಗಕ್ಕೂ ಅದರ ಕೆಲಸದ ಹೆಸರೇ ಇರಬೇಕು ಎನ್ನುವುದು ಅವಳ ಆಫೀಸಿನ ಕಟ್ಟುನಿಟ್ಟು. ನಿನ್ನೆ ಸಂಜೆ ಹೆಸರಿಲ್ಲದ ಬಟನ್ನಿಗೆ 'ಸಬ್ಮಿಟ್' ಎಂದು ಅವಳೇ ಹೆಸರಿಟ್ಟಿದ್ದಳು; ಕಳಿಸುವ ಆಜ್ಞೆಯ ಹೆಸರೂ ಅದೇ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಟ್ಟ ಹಾಗಾಯಿತು: ಸ್ಕ್ರಿಪ್ಟು ಕರೆದರೆ ಏನೂ ಬಾರದ ಕೂಸು ಓಗೊಡುತ್ತದೆ, ಕೆಲಸ ಬಲ್ಲ ಅಜ್ಜ ಸುಮ್ಮನೆ ಕೂತಿರುತ್ತಾನೆ. ಬಟನ್ನಿನ ಹೆಸರು ಬದಲಿಸಿ, ಹೊಸ ಪುಟವನ್ನು ವೆಬ್‌ಸೈಟಿಗೆ ಏರಿಸಿದಳು.

"ಅಕ್ಕಾ, ಪೇಜ್ ರಿಫ್ರೆಶ್ ಮಾಡು."

"ತುಂಬಿಸಿದ್ದೆಲ್ಲ ಹೋಗುತ್ತಲ್ಲೇ?"

"ಹೋಗ್ಲಿ, ಮಾಡು. ಬೇಗ ತುಂಬಿಸು."

ಅಕ್ಕ ಒಂದೊಂದನ್ನೂ ಬಾಯಲ್ಲಿ ಹೇಳಿಕೊಳ್ಳುತ್ತ ಟೈಪು ಮಾಡಿದಳು. ಮಗುವಿನ ಹೆಸರು. ಹುಟ್ಟಿದ ದಿನ. ರಿಪೋರ್ಟಿನ ನಂಬರು ತಪ್ಪಿತು, ಅಳಿಸಿ ಮತ್ತೆ ಹೊಡೆದಳು. ಚಿನ್ನಿ ಗೋಡೆಯ ಗಡಿಯಾರ ನೋಡುತ್ತ ಕೂತಳು. ಮಾಡಲು ಬೇರೇನೂ ಉಳಿದಿರಲಿಲ್ಲ.

"ಒತ್ತಿದೆ ಕಣೇ. ಈ ಸಲ ಹೋಯ್ತು. ಏನೋ ಬಂದಿದೆ ನೋಡು, 'ಅರ್ಜಿ ಸಲ್ಲಿಸುವ ಅವಧಿ ಮುಗಿದಿದೆ'."

ಆ ವಾಕ್ಯವನ್ನೂ ಚಿನ್ನಿಯೇ ಬರೆದದ್ದು. ತಪ್ಪು ನನ್ನದೇ ಎನ್ನಲು ಬಾಯಿ ತೆರೆದಳು.

ಅಷ್ಟರಲ್ಲಿ ಅಕ್ಕನೇ ಮೆಲ್ಲಗೆ ಹೇಳಿದಳು, "ಬೇಜಾರು ಮಾಡ್ಕೋಬೇಡ ಚಿನ್ನಿ. ನೀನಿಲ್ದೆ ಇದ್ದಿದ್ರೆ ನಮಗೋಸ್ಕರ ಇಷ್ಟಾದ್ರೂ ಯಾರು ಒದ್ದಾಡ್ತಿದ್ರು?"