ಸನೋಬರ್ ಅತ್ತೆ ಕಚ್ಚಿಟ್ಟ ರೊಟ್ಟಿ

ನಮ್ಮ ಮನೆಯ ನಡುಕೋಣೆಯ ಗೋಡೆಯಲ್ಲಿ ಇದ್ದದ್ದು ಒಂದೇ ಮೊಳೆ. ಅದಕ್ಕೆ ತೆಳುಬಟ್ಟೆಯಲ್ಲಿ ಸುತ್ತಿದ, ಒಣಗಿ ಕಲ್ಲಾದ ಒಂದು ದಪ್ಪ ತಂದೂರಿ ರೊಟ್ಟಿ, ನಾನು ಹುಟ್ಟುವ ಮೊದಲಿನಿಂದಲೂ ನೇತಾಡುತ್ತಿತ್ತು. ಅದರ ಅಂಚಿನಲ್ಲಿ ದೊಡ್ಡದಾಗಿ ಕಚ್ಚಿದ ಗುರುತು. ಕಚ್ಚಿದವಳು ಸನೋಬರ್ ಅತ್ತೆ, ನಮ್ಮಪ್ಪನ ಅಕ್ಕ.

ನಮ್ಮೂರು ಕತ್ತಾಕುರ್ಗಾನಿನಲ್ಲಿ ಯಾರೇ ದೂರದ ಊರಿಗೆ ಹೊರಟರೂ ಹೊಸ್ತಿಲಲ್ಲಿ ನಿಂತು ಬಿಸಿ ರೊಟ್ಟಿಯನ್ನು ಒಂದು ಸಲ ಕಚ್ಚಬೇಕು. ಮಿಕ್ಕದ್ದು ಗೋಡೆಗೇರುತ್ತದೆ. ಹೋದವರು ತಿರುಗಿ ಬಂದ ದಿನ ತಾವೇ ಅದನ್ನು ತಿಂದು ಮುಗಿಸಬೇಕು, ಬೇರೆ ಯಾರೂ ಬಾಯಿಗೆ ಹಾಕುವಂತಿಲ್ಲ. ಉಳಿದ ರೊಟ್ಟಿಯ ಋಣ ಮನುಷ್ಯನನ್ನು ಎಳೆದು ತರುತ್ತದೆ ಎಂದು ನಂಬಿಕೆ. ನಮ್ಮಜ್ಜ ಯುದ್ಧದಿಂದ ಬಂದಾಗ ಇದೇ ಮೊಳೆಯಿಂದ ತನ್ನ ರೊಟ್ಟಿ ಇಳಿಸಿ ತಿಂದಿದ್ದನಂತೆ.

ಅತ್ತೆಯ ವಿಷಯದಲ್ಲಿ ಮಾತ್ರ ಎಡವಟ್ಟಾಯಿತು. ಹದಿನೆಂಟರ ವಯಸ್ಸಿನಲ್ಲಿ ಅವಳಿಗೆ ಸಮುದ್ರದ ಹುಚ್ಚು. ಊರ ಪಕ್ಕದ ಜಲಾಶಯವನ್ನೇ ಜನ ಸಮುದ್ರ ಅಂತ ಕರೆಯುವ ಸೀಮೆ ನಮ್ಮದು. ಆಗ ಸೋವಿಯತ್ ಕಾಲ. ರೈಲಿನಲ್ಲಿ ವಾರಗಟ್ಟಲೆ ದೂರದ ಬಂದರು ಊರಿನಲ್ಲಿ ಮೀನುಗಳ ಬಗ್ಗೆ ಓದಲು ಅವಳಿಗೆ ಸೀಟು ಸಿಕ್ಕಿತು. "ನಮ್ಮ ಸಮುದ್ರ ಸಾಲದೇನೇ ನಿಂಗೆ?" ಎಂದು ಕೇರಿಯವರೆಲ್ಲ ಆಡಿಕೊಂಡರು. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಹೊರಡುವ ದಿನ ಕಾಲುಭಾಗ ರೊಟ್ಟಿಯನ್ನೇ ಕಚ್ಚಿಬಿಟ್ಟಳು.

ಸಂಜೆಗೆ ಪೆಟ್ಟಿಗೆ ಸಮೇತ ಮನೆಗೆ ಬಂದಳು. ಸ್ಟೇಷನ್ನಿನಲ್ಲಿ ಅಜ್ಜಿ ತಲೆತಿರುಗಿ ಬಿದ್ದಳು, ತಾಯಿಯನ್ನು ಬಿಟ್ಟು ಹೋಗಲು ಮಗಳಿಗೆ ಮನಸ್ಸಾಗಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಹೇಳುವ ಕಥೆ ಇದು.

ಆಮೇಲೆ ಆ ರೊಟ್ಟಿಯನ್ನು ಏನು ಮಾಡುವುದು? ತಿಂದುಬಿಡು ಎಂದರು ಯಾರೋ. ಅಜ್ಜಿ ಒಪ್ಪಲಿಲ್ಲ. "ಹೋಗೇ ಇಲ್ಲ, ಇನ್ನು ಬರೋದೆಲ್ಲಿಂದ? ಬರೋ ವರ್ಷ ಹೋಗ್ತಾಳೆ. ಇರ್ಲಿ ಬಿಡಿ."

ಬರುವ ವರ್ಷ ಬರಲೇ ಇಲ್ಲ. ಹೆಣ್ಣು ಕೇಳಲು ಬಂದವರಿಗೆಲ್ಲ ಅಜ್ಜಿ ಗೋಡೆ ತೋರಿಸುತ್ತಿದ್ದಳಂತೆ: "ಅವಳು ಓದೋಕೆ ಹೋಗೋಳು, ನೋಡಿ, ರೊಟ್ಟಿ ಕಾಯ್ತಾ ಇದೆ." ಬಂದವರು ಚಹಾ ಕುಡಿದು ಎದ್ದು ಹೋದರು. ಬರಬರುತ್ತ ಕೇಳುವವರೂ ನಿಂತರು. ಅತ್ತೆ ತಂದೂರಿನ ಕೆಲಸ ಹಿಡಿದಳು. ಈಗ ನಮ್ಮ ಕೇರಿಯಲ್ಲಿ ಅವಳ ರೊಟ್ಟಿಯಿಲ್ಲದೆ ಮದುವೆಯಿಲ್ಲ. ಎರಡೂ ಕೈ ಮೊಣಕೈವರೆಗೆ ಸುಟ್ಟ ಕಲೆ.

ಧೂಳು ಹೊಡೆಯುವ ನೆಪದಲ್ಲಿ ಅವಳು ಆಗಾಗ ಬಟ್ಟೆಯ ತುದಿ ಸರಿಸಿ ಆ ರೊಟ್ಟಿಯನ್ನು ನೋಡುತ್ತಿದ್ದಳು. ಚಿಕ್ಕವಳಿದ್ದಾಗ ನಾನು ಕದ್ದು ನೋಡಿದ್ದೇನೆ. ದೂರದಲ್ಲಿರುವ ಮಗಳ ಫೋಟೋ ನೋಡುವ ತಾಯಿಯ ಹಾಗಿರುತ್ತಿತ್ತು ಅವಳ ಮುಖ. ನನಗೆ ಸುಮ್ಮನೆ ಅಳು ಬರುತ್ತಿತ್ತು.

ಹೋದ ವರ್ಷ ನನಗೆ ಇಸ್ತಾಂಬುಲಿನಲ್ಲಿ ನರ್ಸಿಂಗ್ ಓದಲು ಸೀಟು ಸಿಕ್ಕಿತು. ಆಗ ನನ್ನ ರೊಟ್ಟಿಗೂ ಮೊಳೆ ಬೇಕಾಯಿತು.

"ಇನ್ನೊಂದು ಹೊಡೆದ್ರಾಯ್ತು," ಎಂದ ಅಪ್ಪ.

"ಒಂದು ಮನೇಲಿ ಎರಡು ರೊಟ್ಟಿ ಕಾಯೋ ಹಾಗಿಲ್ಲ ಕಣೋ ಎರ್ಗಾಶ್," ಎಂದಳು ಅಜ್ಜಿ. "ಮೊದಲಿಂದು ಮುಗೀಲಿ."

ನನಗೆ ರೇಗಿತು. "ಹಂಗಾದ್ರೆ ಅತ್ತೆನೂ ನನ್ಜೊತೆ ಬರ್ಲಿ! ಸಮುದ್ರ ನೋಡ್ಕೊಂಡು ವಾಪಸ್ ಬಂದು, ತನ್ನ ರೊಟ್ಟಿ ತಾನೇ ತಿಂದು ಮುಗಿಸ್ಲಿ. ನೀವು ಹಿಂಗೆ ನೇತುಹಾಕಿರೋದು ರೊಟ್ಟೀನಲ್ಲ ಅಜ್ಜಿ, ಅವಳನ್ನ!"

ಅತ್ತೆ ಕೈಯಲ್ಲಿದ್ದ ಚಹಾದ ಬಟ್ಟಲನ್ನು ಕೆಳಗಿಟ್ಟಳು. "ಹೋಗಲಾ ಅಮ್ಮ?" ಎಂದು ಐವತ್ತು ದಾಟಿದ ಹೆಂಗಸು ಹುಡುಗಿಯ ಹಾಗೆ ಕೇಳಿದಳು.

ಅಪ್ಪ ಎರಡು ಟಿಕೆಟ್ ತಂದ. ಅತ್ತೆಗೆ ಹೊಸ ಬೂಟು ಬಂತು. ಪಕ್ಕದ ಮನೆಯ ಕಿಮ್ಸನ್ ಗೋಡೆಯಾಚೆಯಿಂದಲೇ ಕೂಗಿದಳು: "ಏನೇ ಸನೋಬರ್, ಈ ವಯಸ್ಸಲ್ಲಿ ಈಜು ಕಲಿತೀಯಂತೆ? ಮೀನು ಹೆದರ್ಕೊಂಡಾವು, ಜೋಪಾನ!" ಅತ್ತೆ ನಕ್ಕಳು. ಅವಳು ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ಹಿಟ್ಟು ನಾದುತ್ತ ನನ್ನನ್ನು ಕೇಳುತ್ತಿದ್ದಳು, "ಸಮುದ್ರದ ನೀರು ಅಷ್ಟು ಉಪ್ಪೇನೇ ಮುನಿರಾ? ನಾನು ಹಿಟ್ಟು ಕಲಸ್ತೀನಲ್ಲ ಉಪ್ಪುನೀರು, ಅಷ್ಟಿರುತ್ತಾ?"

ನನಗೇನು ಗೊತ್ತು. ನಾನೂ ನೋಡಿದವಳಲ್ಲ.

ಹೊರಡುವ ದಿನ ಬೆಳಿಗ್ಗೆ ಅಂಗಳಕ್ಕೆ ಬಂದರೆ ಅತ್ತೆ ಹಳೇ ಚಪ್ಪಲಿಯಲ್ಲಿ ತಂದೂರಿನ ಮುಂದೆ ಕೂತಿದ್ದಾಳೆ. ತೊಡೆಯ ಮೇಲೆ ಗೋಡೆಯ ರೊಟ್ಟಿ. ಅದಕ್ಕೆ ನೀರು ಚಿಮುಕಿಸುತ್ತಿದ್ದಾಳೆ.

"ಅತ್ತೆ! ಇದೇನು ಮಾಡ್ತಿದೀಯ? ಇನ್ನೂ ಹೊರಟೇ ಇಲ್ಲ!"

"ಬಾ, ಕೂತ್ಕೋ." ಅವಳು ತಲೆಯೆತ್ತಲಿಲ್ಲ. "ನಿಮ್ಮಜ್ಜಿ ಸ್ಟೇಷನ್ನಲ್ಲಿ ಬಿದ್ದಳಲ್ಲ, ಅದು ರೈಲು ಹೋದ್ಮೇಲೆ."

"ಅಂದ್ರೆ?" ಎಂದೆ.

"ರೈಲು ಬಂತು, ನಿಂತಿತು. ನಂಗೆ ಕಾಲೇ ಎತ್ತೋಕಾಗ್ಲಿಲ್ಲ. ಹೆದರ್ಕೊಂಡೆ ಕಣೇ, ಅಷ್ಟೇ. ರೈಲು ಹೋಯ್ತು. ನಾನಿನ್ನೂ ಅಲ್ಲೇ ನಿಂತಿರೋದು ನೋಡಿ ಅಮ್ಮ ಬಿದ್ದಳು. ಅಮ್ಮ ಬಿದ್ದಿದ್ದಕ್ಕೇ ನಾನು ಉಳಿದೆ ಅಂದ್ರು ಊರೋರು, ಅಮ್ಮ ಸುಮ್ಮನಿದ್ಬಿಟ್ಟಳು. ತಪ್ಪು ತನ್ನ ತಲೆ ಮೇಲೆ ಹಾಕ್ಕೊಂಡಳು."

ತಂದೂರಿನೊಳಗೆ ಕೆಂಡ ಸಣ್ಣಗೆ ಸಿಡಿಯುತ್ತಿತ್ತು. ಅತ್ತೆ ಹತ್ತಿ ತುಂಬಿದ ಉದ್ದ ತೋಳುಗವಸು ಏರಿಸಿ ರೊಟ್ಟಿಯನ್ನು ಒಳಗೆ ಹಿಡಿದಳು.

"ಅವತ್ತಿಂದ ಒಂದೇ ಯೋಚನೆ ನಂಗೆ. ನಿಜವಾದ ಸನೋಬರ್ ಆ ರೈಲು ಹತ್ತಿದಳು, ಅಲ್ಲೆಲ್ಲೋ ಚೆನ್ನಾಗಿದಾಳೆ, ನಾನು ಇಲ್ಲಿ ಮಿಕ್ಕೋಳು ಅಂತ. ನಿನ್ನೆ ಬೂಟು ಹಾಕ್ಕೊಂಡು ಕೂತಾಗ ಅನ್ನಿಸ್ತು, ನಾನು ಹೊರಟಿರೋದು ಸಮುದ್ರ ನೋಡೋಕಲ್ಲ, ಅವಳನ್ನ ಹುಡುಕೋಕೆ. ಅವಳು ಅಲ್ಲಿಲ್ಲ ಮುನಿರಾ. ಹೆದರಿ ನಿಂತೋಳೂ ನಾನೇ, ಈ ಕೈ ಸುಟ್ಕೊಂಡೋಳೂ ನಾನೇ."

"ಮತ್ತೆ ಸಮುದ್ರದ ಆಸೆ? ಹೋಯ್ತಾ?"

"ಎಲ್ಲಿ ಹೋಗುತ್ತೆ? ಇರ್ಲಿ, ಅದೂ ನಂದೇ. ಒಂದಿನ ಸುಮ್ಮನೆ ನೀರು ನೋಡೋಕೆ ಅಂತಲೇ ಹೊರಟೇನು. ಇವತ್ತು ಬೇಡ."

ನಾನು ಜಗಳವಾಡಬೇಕೆಂದಿದ್ದೆ. ಟಿಕೆಟ್ಟು, ಬೂಟು, ಅಪ್ಪ, ಎಲ್ಲವೂ ನಾಲಿಗೆಯ ತುದಿಯಲ್ಲಿದ್ದವು. ಅವಳ ಮುಖ ನೋಡಿದೆ. ರೊಟ್ಟಿ ನೋಡುವಾಗಿನ ಆ ಮುಖ ಅಲ್ಲಿರಲಿಲ್ಲ.

ಅತ್ತೆ ರೊಟ್ಟಿಯನ್ನೂ ಚಹಾವನ್ನೂ ಹಿಡಿದು ನಡುಕೋಣೆಗೆ ಹೋದಳು. ಅಜ್ಜಿ ಹಾಸಿನ ಮೇಲೆ ಕೂತು ಖಾಲಿ ಮೊಳೆಯನ್ನೇ ನೋಡುತ್ತಿದ್ದಳು. ಅತ್ತೆ ಅವಳ ಎದುರು ಕೂತು, ಒಂದು ಚೂರು ಮುರಿದು, ಚಹಾದಲ್ಲಿ ಅದ್ದಿ ಬಾಯಿಗಿಟ್ಟಳು. ಕಟಕಟ ಸದ್ದಾಯಿತು. ಇನ್ನೊಂದು ಚೂರು. ಮತ್ತೊಂದು. ಅವಳು ತಿಂದು ಮುಗಿಸುವವರೆಗೂ ಅಜ್ಜಿ ತಡೆಯಲಿಲ್ಲ.

"ಬಂದೆ ಅಮ್ಮ," ಎಂದಳು ಅತ್ತೆ.

ಹೊಸ್ತಿಲು ದಾಟಿ ಬಂದವರನ್ನೆಲ್ಲ ನಮ್ಮೂರಲ್ಲಿ ಕೇಳುವ ಮಾತನ್ನೇ ಅಜ್ಜಿಯೂ ಕೇಳಿದಳು: "ದಣಿವಾಗದೆ ಬಂದೆಯಾ ಮಗಳೇ?"

ಅದಕ್ಕೆ ಎಲ್ಲರೂ ಹೇಳುವುದು ಹೂಂ ಎಂದು. ಅತ್ತೆ ಅಜ್ಜಿಯ ಮಡಿಲಲ್ಲಿ ತಲೆಯಿಟ್ಟಳು. "ಇಲ್ಲಮ್ಮ. ತುಂಬ ದಣಿದೆ."

ಅಜ್ಜಿ ಅವಳ ನೆರೆತ ಕೂದಲನ್ನು ಸವರುತ್ತ ಕೂತಳು. ಅಪ್ಪ ಬಾಗಿಲಲ್ಲಿ ಬಂದು ನಿಂತವನು ಟಿಕೆಟ್ಟಿನ ಮಾತೆತ್ತದೆ ಹೊರಗೆ ಹೋದ.

ಹೊಸ್ತಿಲಲ್ಲಿ ಅತ್ತೆ ನನ್ನ ಕೈಗೆ ಬಿಸಿ ರೊಟ್ಟಿ ಕೊಟ್ಟಳು. ಎಷ್ಟು ಕಚ್ಚಬೇಕೆಂದು ತಿಳಿಯದೆ ನಿಂತೆ. "ದೊಡ್ಡದಾಗೇ ಕಚ್ಚೇ," ಎಂದಳು. ಕಚ್ಚಿದೆ. ಮಿಕ್ಕದ್ದನ್ನು ಅವಳೇ ಬಟ್ಟೆಯಲ್ಲಿ ಸುತ್ತಿ ಮೊಳೆಗೆ ಹಾಕಿದಳು.

ಇಸ್ತಾಂಬುಲಿನಲ್ಲಿ ಮೊದಲ ಸಂಜೆ ದಡಕ್ಕೆ ಹೋಗಿ, ಬೆರಳದ್ದಿ ನಾಲಿಗೆಗೆ ಮುಟ್ಟಿಸಿ, ಅತ್ತೆಗೆ ಫೋನ್ ಮಾಡಿದೆ. "ಹೆಚ್ಚು ಕಮ್ಮಿ ನಿನ್ನ ಹಿಟ್ಟಿನ ನೀರಿನಷ್ಟೇ ಉಪ್ಪು, ಅತ್ತೆ."

"ಅಷ್ಟೇನಾ?" ಎಂದು ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು.

"ಮುನಿರಾ, ಫೋನು ಸ್ವಲ್ಪ ನೀರಿನ ಕಡೆ ಹಿಡಿಯೇ."

ಕೈ ಸೋಲುವವರೆಗೂ ಹಿಡಿದುಕೊಂಡು ನಿಂತಿದ್ದೆ.