ಗುಡ್ಡಮ್ಮನ ಸಂಚಿ

ಅಡಿಕೆ ಸುಲಿಯುವ ಚಪ್ಪರದಲ್ಲಿ ಯಾರ ಬೆರಳಿಗೆ ಕತ್ತಿ ತಾಗಿದರೂ ಏಳುವ ಕೂಗು ಒಂದೇ: "ಗುಡ್ಡಮ್ಮಾ!" ಕಿಗ್ಗದ ಗುಡ್ಡಮ್ಮ ಸೊಂಟದ ಎಲೆಯಡಿಕೆ ಸಂಚಿಯಿಂದ ಆಂಟಿಬಯೋಟಿಕ್ ಕ್ಯಾಪ್ಸೂಲ್ ತೆಗೆದು, ಎರಡು ಹೋಳು ಮಾಡಿ, ಒಳಗಿನ ಪುಡಿಯನ್ನು ಗಾಯಕ್ಕೆ ಉದುರಿಸುತ್ತಿದ್ದಳು. ಜ್ವರ ಎಂದವರಿಗೆ ಎರಡು ನುಂಗಲು ಕೊಡುತ್ತಿದ್ದಳು. ಎಲ್ಲವೂ ಯಾರ್‍ಯಾರದೋ ಮನೆಯಲ್ಲಿ ನುಂಗದೆ ಉಳಿದವು, ಆಕೆ ಕೇಳಿ ತಂದವು. ಅಂಥ ಕರುಳು ಪುಣ್ಯಾತಗಿತ್ತಿಯದು!

ಗಂಡ ಮಂಜಯ್ಯನ ಕಾಲ್ಬೆರಳು ಕಲ್ಲಿಗೆ ಎಡವಿ ಒಡೆದಾಗಲೂ ಅದೇ ಉಪಚಾರ. ಆತನಿಗೆ ಸಕ್ಕರೆ ಕಾಯಿಲೆ ಬೇರೆ. ನೋವಿದ್ದ ದಿನ ಎರಡು ಮಾತ್ರೆ, ಇಲ್ಲದ ದಿನ ಇಲ್ಲ. ಮೂರು ವಾರದಲ್ಲಿ ಪಾದ ಊದಿಕೊಂಡಿತು. ಮಗಳು ಸುಮಲತಾ ಇಬ್ಬರಿಗೂ ಬೈದು ಕೊಪ್ಪದ ಆಸ್ಪತ್ರೆಗೆ ಕರೆತಂದಳು.

ಕೀವಿನ ಪರೀಕ್ಷೆಯ ವರದಿ ನೋಡಿ ಡಾಕ್ಟರ್ ನಯನ ಹೇಳಿದರು: "ಮಾಮೂಲಿ ಔಷಧಿ ಯಾವುದಕ್ಕೂ ಈ ಬ್ಯಾಕ್ಟೀರಿಯಾ ಬಗ್ತಾ ಇಲ್ಲ. ಒಂದು ಇಂಜೆಕ್ಷನ್ ಉಳಿದಿದೆ. ಅದೂ ಹಿಡೀಲಿಲ್ಲ ಅಂದ್ರೆ ಪಾದ ತೆಗೀಬೇಕಾಗ್ತದೆ."

"ನಾ ಕೊಟ್ಟಿದ್ದೂ ಔಷಧಿನೇ ಅಲ್ವನಮ್ಮಾ?"

"ಔಷಧಿನೇ. ಅರ್ಧಂಬರ್ಧ ಕೊಟ್ರೆ ಗಟ್ಟಿ ರೋಗಾಣು ಸಾಯದೆ ಉಳ್ಕೊಂಡು ಬೆಳೀತವೆ."

"ಬೆರಳು ಕೊಯ್ತು ಅಂತ ಕೂಲಿ ಬಿಟ್ಟು ಬಸ್ ಹತ್ತಿ ಯಾರು ಬರ್ತಾರೆ ಹೇಳಿ? ಕೈಗೆ ಸಿಕ್ಕಿದ್ದು ಕೊಟ್ಟೆ."

ಅದೂ ಸುಳ್ಳಲ್ಲ.

"ಹೊಸ ಔಷಧಿ ಯಾವುದೂ ಬಂದಿಲ್ವಾ ಮೇಡಂ?" ಸುಮಲತಾ ಕೇಳಿದಳು.

"ಹುಡುಕ್ತಿದ್ದಾರೆ. ಕಪ್ಪೆಯ ಚರ್ಮದಲ್ಲಿ, ನಮ್ಮ ಬೆವರು ಕಣ್ಣೀರಲ್ಲೂ ಪೆಪ್ಟೈಡ್ ಅಂತ ಪುಟ್ಟ ಪ್ರೋಟೀನ್ ತುಣುಕು ಇರ್ತವೆ. ಬ್ಯಾಕ್ಟೀರಿಯಾದ ಹೊರಪೊರೆಯನ್ನೇ ತೂತು ಮಾಡ್ತವೆ. ಅವು ಇಂಥ ಗಾಯಕ್ಕೆ ಔಷಧಿ ಆಗಿ ನಮ್ಮ ಕೈಗೆ ಬರೋಕೆ ಇನ್ನೂ ವರ್ಷಗಳು ಬೇಕು. ಅಲ್ಲೀವರೆಗೆ ಇರೋದನ್ನೇ ಉಳಿಸ್ಕೋಬೇಕು."

ಗುಡ್ಡಮ್ಮನ ಕಣ್ಣು ತುಂಬಿತು. ಮಂಜಯ್ಯ ನೋವಿನಲ್ಲೂ ನಕ್ಕ. "ಕಪ್ಪೆ ಯಾಕೆ ಡಾಕ್ಟ್ರೇ? ಇವಳು ವಾರದಿಂದ ನನ್ನ ಕಾಲ ಮೇಲೇ ಅಳ್ತಿದ್ದಾಳೆ!"

"ಸುಮ್ನಿರಿ ಮಾರಾಯ್ರೆ!" ಗುಡ್ಡಮ್ಮ ಅಳುತ್ತಲೇ ಗದರಿದಳು.

ದೇವರು ದೊಡ್ಡವನು, ಇಂಜೆಕ್ಷನ್ ಹಿಡಿಯಿತು. ಒಂದು ಬೆರಳು ಹೋಯಿತು, ಪಾದ ಉಳಿಯಿತು.

ಎರಡು ತಿಂಗಳ ಮೇಲೆ ಚಪ್ಪರದಲ್ಲಿ ಪಕ್ಕದ ಮಣೆಯಲ್ಲಿ ಕೂತು ಸುಲಿಯುತ್ತಿದ್ದ ಶಾಂತಕ್ಕನ ಹೆಬ್ಬೆರಳು ಆಳವಾಗಿ ಕೊಯ್ದಿತು. "ಗುಡ್ಡಮ್ಮಾ!" ಗುಡ್ಡಮ್ಮ ಸಂಚಿ ಬಿಚ್ಚಿದಳು. ಅದರಲ್ಲೀಗ ಇದ್ದದ್ದು ಸೋಪಿನ ತುಂಡು, ಒಗೆದು ಮಡಿಸಿದ ಬಟ್ಟೆ. ತಿನ್ನುವ ಎಲೆಗೂ ಸೋಪಿನ ವಾಸನೆ ಹತ್ತಿತ್ತು. ಶಾಂತಕ್ಕನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದು, ಬಟ್ಟೆ ಬಿಗಿದಳು.

"ಪುಡಿ ಹಾಕಲ್ವನೇ?"

"ಇಲ್ಲ. ಏಳು, ಆಸ್ಪತ್ರೆಗೆ ಹೋಗುವ."

"ಇವತ್ತಿನ ಕೂಲಿ ಎಂತ ಮಾಡೂದು ಮಾರಾಯ್ತಿ?"

"ನಂದೂ ಹೋಗ್ಲಿ, ನಿಂದೂ ಹೋಗ್ಲಿ." ಗುಡ್ಡಮ್ಮ ಆಕೆಯ ರಟ್ಟೆ ಹಿಡಿದು ಎಬ್ಬಿಸಿದಳು. "ನಮ್ಮನೆಯವರ ಬೆರಳು ನಾನೇ ಕಳೆದೆ ಶಾಂತಕ್ಕ. ನಿನ್ನದಾದ್ರೂ ಉಳೀಲಿ."

ಇಬ್ಬರೂ ಬಸ್ಸಿಗೆ ನಡೆದರು.